ಅಕಿವಾಟದ ಎದುರಿಗೆ ಬಂದ ಸೊನ್ನೆ

ಆ ಸೊನ್ನೆ ಈಗಲೂ ಕಣ್ಣ ಮುಂದೆ ಬರುತ್ತದೆ. ಹುಡುಕಾಟದಲ್ಲಿ ಏನೂ ಸಿಗದಿದ್ದರೆ ಎರಡನೆಯ ಸಲ ಕೇಳದೆ ನನಗೆ ಸಮಾಧಾನವಿಲ್ಲ.

ಹೊಳೆ ಏರಿದ ದಿನಗಳಲ್ಲಿ ಇಚಲಕರಂಜಿಯ ಸಣ್ಣ ಆಫೀಸಿನಲ್ಲಿ ಕೂತು ದೋಣಿಯವರಿಗೆ ದಾರಿ ಹೇಳುತ್ತಿದ್ದೆ. ತೋಟದ ಮನೆಗಳಲ್ಲಿ ಯಾರು ಉಳಿದಿದ್ದಾರೆಂದು ಫೋನ್ ಬಂದ ಹಾಗೆ ನಕ್ಷೆಯ ಡೇಟಾಬೇಸಿಗೆ ಸೇರಿಸುತ್ತಿದ್ದೆವು. ಒಂದು ದಿನ ಅದನ್ನು ಹೊಸ ಆವೃತ್ತಿಗೆ ಏರಿಸಿದೆ. ಕೇಳಿದ್ದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ನನಗೆ ಹಿಗ್ಗೋ ಹಿಗ್ಗು.

ಮರುದಿನ ಬೆಳಿಗ್ಗೆ ದೋಣಿಯವನ ಫೋನ್. "ಅಕಿವಾಟದ ಹೊಳಿ ಕಡೆ ಯಾರರ ಉಳದಾರೇನ್ರಿ ಸಾಹೇಬ್ರ? ಇಲ್ಲಂದ್ರ ಹೊಂಟ್ನಿ."

ತೆರೆಯ ಮೇಲೆ ಅಕಿವಾಟ ಊರಿನ ಎದುರಿಗೆ ಸೊನ್ನೆ. "ಯಾರೂ ಇಲ್ರಿ, ಹೋಗ್ರಿ," ಎಂದುಬಿಟ್ಟೆ.

ಪಕ್ಕದಲ್ಲಿ ಕೂತಿದ್ದ ಹಿರಿಯ ಸಹೋದ್ಯೋಗಿ ಚಹಾದ ಬಸಿ ಕೆಳಗಿಟ್ಟರು. ಗಡಹಿಂಗ್ಲಜ ತಾಲೂಕಿನ ನೇಸರಿಯವರು, ಹಾಲು ಹಾಕುವ ಮನೆತನ.

"ಸೊನ್ನಿ ಹೆಂಗ ಆಕ್ಕತಿ ತಮ್ಮಾ? ಊರ ಖಾಲಿ ಆದ್ರೂ ಎಮ್ಮಿ ಬಿಟ್ಟು ಬರೂದಿಲ್ಲ ಮಂದಿ."

"ಅಕ್ಕಾರ, ಇದು ಹೊಸಾದೈತ್ರಿ. ತಪ್ಪೂದಿಲ್ಲ."

"ನಿನ್ನಿ ಅಕಿವಾಟದ ಫೋನ್ ನಾನ ತಗೊಂಡು ಬರಸೇನಿ. ಅದನ್ನೂ ನುಂಗೇತೇನು ನಿನ್ನ ಹೊಸಾದು?"

ಆಗ ನನ್ನ ತಪ್ಪು ಹೊಳೆಯಿತು. ಡೇಟಾಬೇಸು ಪ್ರತಿ ಮನೆಯನ್ನೂ ನೋಡುತ್ತ ಹೋಗುವುದಿಲ್ಲ. ಹತ್ತಿರ ಹತ್ತಿರದ ಮನೆಗಳನ್ನು ಚೌಕಗಳಲ್ಲಿ ಕಟ್ಟಿಟ್ಟ ಸೂಚಿ ಒಂದಿರುತ್ತದೆ. ಮೊದಲು ಅದನ್ನು ನೋಡಿ, ಬೇಕಾದ ಚೌಕದೊಳಗಷ್ಟೇ ಇಳಿಯುತ್ತದೆ. ನಾನು ಎಲ್ಲವನ್ನೂ ಹೊಸದು ಮಾಡಿ, ಸೂಚಿಯನ್ನು ಹಳೆಯದೇ ಬಿಟ್ಟಿದ್ದೆ. ಹಳೆಯ ಆವೃತ್ತಿ ಕಟ್ಟಿದ ಚೌಕಗಳನ್ನು ಹೊಸದು ತಪ್ಪು ಓದುತ್ತಿತ್ತು. ಮನೆಗಳು ಒಳಗೇ ಇದ್ದವು, ಅದಕ್ಕೆ ಕಾಣುತ್ತಿರಲಿಲ್ಲ.

ಸೂಚಿಯನ್ನು ಬದಿಗಿಟ್ಟು, ಸಾಲು ಸಾಲಾಗಿ ಓದಲು ಹೇಳಿದೆ. ಎಷ್ಟು ಹೊತ್ತಾದರೂ ಮುಗಿಯದು. ಕೊನೆಗೆ ಅಕಿವಾಟದ ಹೊಳೆದಂಡೆಯಲ್ಲಿ ಒಂದು ಚುಕ್ಕೆ ಮೂಡಿತು: ಮೂವರು.

ದೋಣಿಯವನ ಫೋನ್ ಎರಡು ಸಲ ಹತ್ತಲಿಲ್ಲ. ಮೂರನೆಯ ಸಲ ಹತ್ತಿತು.

"ಅಕಿವಾಟಕ್ಕ ಹೊಳ್ಳಿ ಹೋಗ್ರಿ, ಮೂರು ಮಂದಿ ಅದಾರ."

"ಈಗಷ್ಟ ಯಾರೂ ಇಲ್ಲ ಅಂದ್ರೆಲ್ರಿ?"

"ನಂದ ತಪ್ಪರಿ. ಹೋಗ್ರಿ ಲಗೂನ."

ಕಾಯುವುದು ಆಗಲಿಲ್ಲ. ಕೂತಲ್ಲೇ ಸೂಚಿಯನ್ನು ಮೊದಲಿನಿಂದ ಕಟ್ಟಿಸಿ ಮತ್ತೆ ಕೇಳಿದೆ. ಚುಕ್ಕೆ ತಟ್ಟನೆ ಬಂತು. ಆದರೆ ದೋಣಿ ಅಲ್ಲಿ ಮುಟ್ಟಿತೋ ಇಲ್ಲವೋ, ಅದನ್ನು ಯಾವ ಸೂಚಿಯೂ ಹೇಳುವಂತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಫೋನ್ ಬಂತು. "ಮೂರೂ ಮಂದಿ ದೋಣಿ ಹತ್ತ್ಯಾರ್ರಿ. ನೀರು ಎದಿಮಟ ಇತ್ತು. ಎಮ್ಮಿ ಹಗ್ಗ ಬಿಚ್ಚೂತನಕ ದೋಣಿಗೆ ಕಾಲ ಇಡವಲ್ರು. ಎರಡೂ ಎಮ್ಮಿ ನಮ್ಮ ಹಿಂದ ಈಸಾಕತ್ತಾವ."

ಅಕ್ಕಾರು ಕೀಬೋರ್ಡನ್ನು ನನ್ನತ್ತ ಸರಿಸಿದರು. "ಅವನ್ನೂ ಬರಕೋ. ಎರಡು."