ಎರಡು ಹಾಡುಗಳ ನಡುವಿನ ಕೆಮ್ಮು

ಕಾಕಾ ಅವರ ಎಡಗಿವಿಯ ಮೇಲೆ ಸದಾ ಸ್ಪೀಕರಿನ ಜಾಲರಿಯ ಅಚ್ಚು ಮೂಡಿರುತ್ತಿತ್ತು. ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ಒಳಗಿನವರ ಮಾತನ್ನು ಆಲಿಸುವವರಂತೆ ಅವರು ಹಾಡು ಕೇಳುತ್ತಿದ್ದರು.

ಹುಬ್ಬಳ್ಳಿಯಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೇ ಅವರ ಟೇಪ್ ರಿಪೇರಿ ಅಂಗಡಿ. ನಾನು ಅಲ್ಲೇ ಹತ್ತಿರದ ಸುಳ್ಳ ಎಂಬ ಗ್ರಾಮದವನು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ. ತಪ್ಪು ಮಾತು ಬಾಯಿಂದ ಬಿದ್ದೀತೆಂಬ ಅಂಜಿಕೆಯಿಂದ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ತಿದ್ದಿಕೊಂಡೇ ಆಡುತ್ತಿದ್ದೆ. "ಡಿಗ್ರಿ ಸಾಹೇಬ್ರ, ನೀವು ಬಾಯಿ ತೆರಿಯೂದ್ರಾಗ ಚಾ ಆರಿ ಹೋಕ್ಕೈತ್ರಿ," ಎಂದು ಕಾಕಾ ನಗುತ್ತಿದ್ದರು.

ಅವರ ಜೀವವೆಲ್ಲ ಒಂದು ಜಾಝ್ ಕ್ಯಾಸೆಟ್ಟಿನಲ್ಲಿತ್ತು. ಪಿಯಾನೊ, ಆಳುದ್ದದ ತಂತಿವಾದ್ಯ ಬಾಸ್, ಡ್ರಮ್: ಮೂವರೇ ವಾದಕರು, ಹಾಡುವವರಿಲ್ಲ. ಹಳೆಯ ಗ್ರಾಮಫೋನ್ ತಟ್ಟೆಯೊಂದರಿಂದ ಅವರೇ ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ಬೇರೆ ಬೇರೆ ಕಾಲದಲ್ಲಿ ಧ್ವನಿಮುದ್ರಿಸಿ ಉಳಿದುಹೋಗಿದ್ದ ವಾದನಗಳನ್ನು ಕೂಡಿಸಿ ಹೊರತಂದ ಆಲ್ಬಮ್ ಅದು.

"ಇದು ಕೌದಿ ನೋಡ್ರಿ. ಒಂದೊಂದು ಚೂರು ಒಂದೊಂದು ಕಾಲದ್ದು. ಈ ಹಾಡಿನ್ಯಾಗ ಮೂವರೂ ಹುಡುಗ್ರು, ಮುಂದಿಂದ್ರಾಗ ಕೈ ದಣದಾವು," ಎನ್ನುತ್ತಿದ್ದರು. ಅವರ ಪತ್ನಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದರಂತೆ. ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಒಳಗೊಂದು ಚಪಾತಿಯ ಚೂರು ಇಡುವುದು ಆಕೆಯ ರೂಢಿ. ಕೌದಿಯ ಹೊಟ್ಟೆ ಖಾಲಿ ಇರಬಾರದೆಂಬ ನಂಬಿಕೆ.

ಮೂರನೆಯ ಹಾಡು ಮುಗಿದ ಮೇಲಿನ ಮೌನದಲ್ಲಿ ಕಾಕಾ ಪ್ರತಿ ಸಲವೂ ಮೆಲ್ಲನೆ, "ನೀರ ಕುಡಿ," ಎನ್ನುತ್ತಿದ್ದರು. ಅಲ್ಲಿ ಪತ್ನಿಯ ಕೆಮ್ಮು ಕೇಳಿಸುತ್ತದೆಂಬುದು ಅವರ ಮಾತು.

"ಅಬ್ಬಾ, ಅಲ್ಲೇನೂ ಇಲ್ಲ," ಎಂದು ಅವರ ಮಗಳು ತಂದೆಯ ಮೇಲೆ ರೇಗುತ್ತಿದ್ದಳು. "ನೀವು ಆ ತಟ್ಟಿ ತರೂ ಮೊದಲ ಅಮ್ಮಿ ತೀರಿಕೊಂಡಿದ್ಲು. ಮಂದಿ ಹುಚ್ಚ ಅಂತಾರ."

ಆ ಮಾತು ನಾಟಿರಬೇಕು. ಒಂದು ಸಂಜೆ ಕಾಕಾ ನನ್ನನ್ನು ಸ್ಪೀಕರಿನ ಮುಂದೆ ಕೂರಿಸಿದರು. "ನೀವು ಕಲತವ್ರು. ಸುಳ್ಳದವ್ರಾದ್ರೂ ಖರೇ ಹೇಳ್ರಿ. ನನಗ ತಲಿ ಕೆಟ್ಟೈತೇನು?" ನಗುತ್ತಲೇ ಕೇಳಿ ಗುಂಡಿ ಒತ್ತಿದರು.

ಕಿವಿಯನ್ನು ಜಾಲರಿಗೆ ಒತ್ತಿದೆ. ಹಾಡು ಮುಗಿಯಿತು. ಟೇಪಿನ ಸುಯ್ಯೆನ್ನುವ ಸದ್ದು. ಅದರ ಆಳದಿಂದ, ಬಾಯಿಗೆ ಸೆರಗು ಹಿಡಿದು ಕೆಮ್ಮಿದಂಥ ಒಂದು ಸಣ್ಣ ಕೆಮ್ಮು. ಆ ಕ್ಷಣ ವಾಕ್ಯವನ್ನು ತಿದ್ದಿಕೊಳ್ಳಲು ಆಗಲಿಲ್ಲ.

"ಖರೇ ಐತ್ರಿ, ಕಾಕಾ. ಕೇಳಸ್ತು."

ಅವರು ನನ್ನ ಕೈಯನ್ನು ಹಿಡಿದುಕೊಂಡು ಕ್ಯಾಸೆಟ್ ಮುಗಿಯುವವರೆಗೂ ಬಿಡಲಿಲ್ಲ.

ಕೆಲಕಾಲದ ಮೇಲೆ ಕಾಕಾ ಹತ್ತಿರದ ಸತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ದುಃಖದ ದಿನಗಳು ಕಳೆದ ಮೇಲೆ ಮಗಳು ಅಂಗಡಿ ತೆರೆದು ನನ್ನನ್ನು ಕರೆದಳು. ನಾನಾಗಲೇ ಆ ಆಲ್ಬಮನ್ನು ಮೊಬೈಲಿನಲ್ಲಿ ಹುಡುಕಿ ಕೇಳಿದ್ದೆ. ಅದರಲ್ಲಿ ಕೆಮ್ಮು ಇರಲಿಲ್ಲ. ಅದನ್ನು ಆಕೆಗೆ ಹೇಳುವ ಧೈರ್ಯ ನನಗಾಗಲಿಲ್ಲ.

"ಅಣ್ಣಾರ, ಅಬ್ಬಾನ ಸಮಾಧಾನಕ್ಕ ಕೆಮ್ಮು ಕೇಳಸ್ತು ಅಂತ ಹೇಳಿದ್ರೇನು?"

"ಇಲ್ಲವ್ವಾ. ಖರೇನ ಕೇಳಿಸಿತ್ತು."

"ಹಂಗಾರ ಟೇಪ್ ಹಚ್ರಿ."

ಕ್ಯಾಸೆಟ್ಟನ್ನು ತಿರುಗಿಸಿ ನೋಡಿದೆ. ಮತ್ತೆ ಏನನ್ನೂ ಮುದ್ರಿಸಲಾಗದಂತೆ ಅದರ ಬೆನ್ನಿನ ಪುಟ್ಟ ಪಟ್ಟಿಗಳನ್ನು ಕಾಕಾ ಎಂದೋ ಮುರಿದುಹಾಕಿದ್ದರು. ಗುಂಡಿ ಒತ್ತಿದೆ.

ಮೂರನೆಯ ಹಾಡು ಮುಗಿಯಿತು. ಮೊದಲು ಆ ಸೆರಗಿನ ಕೆಮ್ಮು. ಅದು ಕೇಳಿಸಲೇ ಇಲ್ಲವೇನೋ, ಮಗಳ ಮುಖ ಬದಲಾಗಲಿಲ್ಲ. ಅದರ ಬೆನ್ನಿಗೇ ಇನ್ನೊಂದು: ಬೆಳಗ್ಗೆ ಅಂಗಡಿಯ ಷಟರ್ ಎತ್ತುವಾಗ ದಿನವೂ ನನ್ನ ಕೋಣೆಯವರೆಗೆ ಕೇಳಿಬರುತ್ತಿದ್ದ, ಒಡಕು ದನಿಯ ಕೆಮ್ಮು.

ನಾಲ್ಕನೆಯ ಹಾಡಿನ ಪಿಯಾನೊ ಆರಂಭವಾಗುವ ಮುನ್ನ ಆಕೆ ಬಾಗಿ, ಸ್ಪೀಕರಿನ ಜಾಲರಿಗೆ ತುಟಿ ತಾಗುವಂತೆ ಹೇಳಿದಳು:

"ನೀರ ಕುಡೀರಿ, ಅಬ್ಬಾ."