ಹನ್ನೊಂದು ಗಂಟೆ ಎಂದದ್ದು ನಾನೇ

ಶಾರದಕ್ಕ, ಆ ಶನಿವಾರ ತಪ್ಪಿದ್ದು ನಿಮ್ಮ ನೆನಪಲ್ಲ. ಸಭೆ ಹತ್ತಕ್ಕೆ ಎಂದು ಗೊತ್ತಿದ್ದೂ ನಿಮಗೆ ಫೋನಿನಲ್ಲಿ ಹನ್ನೊಂದು ಎಂದವನು ನಾನು. ಬೇಕೆಂದೇ ಹೇಳಿದೆ.

ಇಂಗ್ಲೆಂಡಿನ ಆ ಸಣ್ಣ ಊರಿನ ಎಡಪಕ್ಷದ ಶಾಖೆಯಲ್ಲಿ ಕನ್ನಡದವರೆಂದರೆ ನಾವಿಬ್ಬರೇ — ಉಡುಪಿಯಿಂದ ಬಂದು ಮೂವತ್ತು ವರ್ಷ ನರ್ಸ್ ಆಗಿದ್ದ ನೀವು, ಮಣಿಪಾಲದಿಂದ ಬಂದ ಡಾಕ್ಟರ್ ನಾನು. ದೇಶ ಯುರೋಪಿನ ಒಕ್ಕೂಟದಲ್ಲೇ ಉಳಿಯಬೇಕೆಂದು ಪಕ್ಷದೊಳಗೆ ಪ್ರಚಾರ ಮಾಡುವ ಹುಚ್ಚು ನನಗೆ. "ಅದು ಧಣಿಗಳ ಕೂಟ ಮಾರಾಯ. ನಮ್ಮ ಆಸ್ಪತ್ರೆ ಗುಡಿಸುವವರಿಗೆ ಅದರಿಂದ ಎಂಥ ಸಿಕ್ಕಿತು?" ಎನ್ನುತ್ತಿದ್ದಿರಿ ನೀವು. ಒಕ್ಕೂಟದಲ್ಲೇ ಉಳಿಯಬೇಕೆಂಬ ನನ್ನ ಠರಾವಿಗೆ ಶಾಖೆ ಮತ ಹಾಕುವ ದಿನ ನೀವು ಎದ್ದು ಮಾತಾಡಿದರೆ ನಾನು ಸೋಲುವುದು ಖಂಡಿತವಿತ್ತು. ಅಷ್ಟರಲ್ಲಿ ಸಭೆಯ ಹೊತ್ತು ಬದಲಾಯಿತು. ಎಲ್ಲರಿಗೂ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ವಾದದಲ್ಲಿ ನಿಮ್ಮನ್ನು ಗೆಲ್ಲುವ ತಾಕತ್ತಿಲ್ಲದೆ — ಛೆ, ಹೇಳಲು ಈಗಲೂ ನಾಚಿಕೆ.

ನೀವು ಬರುವಾಗ ಮತದಾನ ಮುಗಿದು ನನ್ನ ಠರಾವು ಗೆದ್ದಾಗಿತ್ತು; ಕುರ್ಚಿ ಮಡಚುತ್ತಿದ್ದೆವು. ನಿಮ್ಮ ಕೈಯಲ್ಲಿ ಬರೆದು ತಂದ ಭಾಷಣ. "ನೀನು ಹನ್ನೊಂದು ಹೇಳಿದ್ದಲ್ವಾ ಮಾರಾಯ?" ಎಂದಿರಿ. ಎಲ್ಲರೂ ನೋಡುತ್ತಿದ್ದರು.

"ಹತ್ತು ಅಂತಲೇ ಹೇಳಿದ್ದೆ ಅಕ್ಕ. ನೀವು ಮರೆತಿರಬೇಕು."

ನೀವು ಜಗಳವಾಡಲಿಲ್ಲ. ಡಾಕ್ಟರ್ ಹೇಳಿದ ಮೇಲೆ — ನಂಬಿಬಿಟ್ಟಿರಿ. ಭಾಷಣವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಿರಿ. ಮುಂದಿನ ತಿಂಗಳು, ತಲೆಯಲ್ಲಿ ಏನೂ ನಿಲ್ಲುವುದಿಲ್ಲ ಎಂದು ಪಕ್ಷದ ಕೆಲಸವನ್ನೇ ಬಿಟ್ಟಿರಿ. ನಾನು ತಡೆಯಲಿಲ್ಲ.

ದೇಶ ಕೊನೆಗೂ ಯುರೋಪನ್ನು ಬಿಟ್ಟಿತು. ನನ್ನ ಠರಾವು ಯಾವ ಕಪಾಟಿನಲ್ಲಿದೆಯೋ. ಉಳಿದದ್ದು ನಿಮಗೆ ನಿಮ್ಮ ಮೇಲೆಯೇ ಬಂದ ಅನುಮಾನ. ಈಗ ಪೆಟಾಲಿಂಗ್ ಜಯಾ ಎಂಬ ಈ ಪರದೇಶದ ಊರಿನಲ್ಲಿ, ನಿಮ್ಮ ಮಗಳ ಮನೆಯಲ್ಲಿ, ಫ್ರಿಜ್ ಬಾಗಿಲ ತುಂಬ ನಿಮ್ಮ ಚೀಟಿಗಳು — ಮಾತ್ರೆ ಎಷ್ಟು ಹೊತ್ತಿಗೆ, ಯಾರು ಯಾವಾಗ ಬರುತ್ತಾರೆ. ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಖಾಲಿ ಇದೆ ಎಂದು ತಿಳಿಸಿ ನನ್ನನ್ನು ಈ ಊರಿಗೆ ಕರೆಸಿದವಳೂ ಆ ಮಗಳು ವೀಣಾಳೇ. ಕಳೆದ ವಾರ ಅವಳು, "ಅಮ್ಮಂಗೊಂದು ಮೆಮೊರಿ ಟೆಸ್ಟ್ ಮಾಡಿಸೋಣ್ವಾ ಡಾಕ್ಟ್ರೇ?" ಎಂದಾಗ ನೀವು ನಕ್ಕಿರಿ: "ನಂದು ಇಂಗ್ಲೆಂಡಲ್ಲೇ ಹೋಗಿ ಆಗಿದೆ ಮಾರಾಯ್ತಿ. ಇವನೇ ಸಾಕ್ಷಿ."

ನಾನು ಚಹಾ ಕುಡಿದು ಎದ್ದು ಬಂದೆ. ಆಗಲೂ ನಿಜ ಹೇಳಲಿಲ್ಲ.

ಕ್ಷಮೆ ಕೊಡುವುದು ಬಿಡುವುದು ನಿಮ್ಮಿಷ್ಟ, ನಾನು ಕೇಳುವುದಿಲ್ಲ. ಭಾನುವಾರ ವೀಣಾಳ ಎದುರೇ ಈ ಪತ್ರವನ್ನು ನಿಮಗೆ ಓದಿ ಹೇಳುತ್ತೇನೆ. ಆ ದಿನ ನಮ್ಮನ್ನು ನೋಡುತ್ತ ನಿಂತಿದ್ದವರಿಗೂ — ಬದುಕಿರುವಷ್ಟು ಜನಕ್ಕೆ — ಬರೆಯುತ್ತೇನೆ.

ಮಧ್ಯಾಹ್ನ ಒಂದು ಗಂಟೆಗೆ ಬರುತ್ತೇನೆ, ಅಕ್ಕ. ಚೀಟಿಯಲ್ಲಿ ಬರೆದಿಡಬೇಡಿ. ನಿಮಗೆ ನೆನಪಿರುತ್ತದೆ.