ದೋಣಿಯಲ್ಲಿ ಎದ್ದು ನಿಂತವರು

ಐವತ್ತರ ಹತ್ತಿರ ಬಂದ ಹೆಂಗಸು, ಅದೂ ಕನ್ನಡ ಶಾಲೆಯ ಶಿಕ್ಷಕಿ, ಭಾನುವಾರ ಬೆಳಿಗ್ಗೆ ದೋಣಿ ಕಲಿಯಲು ಹೊರಟರೆ ಮುದ್ದೇಬಿಹಾಳದಂಥ ಊರಿನಲ್ಲಿ ಜನ ನಗದೆ ಇರುತ್ತಾರೆಯೇ? ನಕ್ಕರು. ನಮ್ಮ ಶಾಲೆಯ ಮಾಸ್ತರರೊಬ್ಬರು, "ಮೀನ ಹಿಡಿಯಾಕ ಹೊಂಟೀರೇನ್ರಿ?" ಎಂದು ಕೇಳಿದರು. "ಹೌದ್ರಿ, ನಿಮಗೂ ಎರಡ ತರ್ತೇನಿ" ಎಂದೆ. ಆದರೆ ದೋಣಿ ಸಂಘಕ್ಕೆ ಯಾಕೆ ಸೇರಿದೆ ಎಂಬುದನ್ನು ಯಾರಿಗೂ ಹೇಳಲಿಲ್ಲ. ನಾನು ಸೇರಿದ್ದು ಸಿಟ್ಟಿನಿಂದ.

ಅದಕ್ಕೆ ನಾಲ್ಕು ವರ್ಷ ಮುಂಚೆ ಕೃಷ್ಣೆಯ ಹಿನ್ನೀರಿನಲ್ಲಿ ದೋಣಿ ಮಗುಚಿ ನನ್ನ ಅಕ್ಕ ತೀರಿಕೊಂಡಿದ್ದಳು. ಅವಳನ್ನು ಇಂಡಿಗೆ ಕೊಟ್ಟಿತ್ತು. ಬೇಸಿಗೆಗೆ ಹಿನ್ನೀರಿನ ದಂಡೆಯ ನಮ್ಮ ತವರೂರಿಗೆ ಬಂದವಳನ್ನು ಆಚೆ ದಂಡೆಯ ನಂಟರ ಮನೆಗೆ ನಾನೇ ಹೊರಡಿಸಿಕೊಂಡು ಹೋಗಿದ್ದೆ. ಅಂಬಿಗನನ್ನು ಬಿಟ್ಟು ದೋಣಿಯಲ್ಲಿ ಎಂಟು ಜನರಿದ್ದೆವು. ಏಳು ಜನ ದಂಡೆಗೆ ಬಂದೆವು. ನನ್ನನ್ನು ಜುಟ್ಟು ಹಿಡಿದು ಎಳೆದು ತಂದವನು ಆ ಅಂಬಿಗನೇ. ಮತ್ತೆ ಮತ್ತೆ ಮುಳುಗಿ ಹುಡುಕಿದ, ಅಕ್ಕ ಸಿಕ್ಕಾಗ ತಡವಾಗಿತ್ತು. ಅವನು ಕುಡಿದಿದ್ದ ಎಂದು ಯಾರೋ ಅಂದರು. ಸಂಜೆಯೊಳಗೆ ಊರೆಲ್ಲ ಅದನ್ನೇ ಅಂದಿತು. ನಾನೂ ಅಂದೆ. ಆಮೇಲೆ ಅವನ ದೋಣಿಗೆ ಯಾರೂ ಹತ್ತಲಿಲ್ಲ. ಅವನು ದೋಣಿ ಮಾರಿ ಊರು ಬಿಟ್ಟ.

ನನ್ನ ಜೊತೆಗಿರುವ ಅವ್ವ ದಿನಾ ದೀಪ ಹಚ್ಚುವಾಗ, "ಅಂವನ ಕೈ ಸೇದಿ ಹೋಗ್ಲಿ" ಎಂದು ಶಾಪ ಹಾಕುತ್ತಿದ್ದಳು. ದೇವರ ಮುಂದೆ ಅಂಥ ಮಾತು ಬೇಡ ಎಂದು ನಾನು ಒಂದು ದಿನವೂ ಹೇಳಲಿಲ್ಲ. ನನಗೂ ಹಾಗೇ ಅನ್ನಿಸುತ್ತಿತ್ತು. ಅವನು ಮಾಡಿದ ತಪ್ಪು ಇಂಥದ್ದೇ ಎಂದು ತಿಳಿಯಬೇಕಿತ್ತು ನನಗೆ. ಎಂದಾದರೂ ಎದುರು ಸಿಕ್ಕರೆ ಮುಖದ ಮೇಲೆ ಹೇಳಬೇಕಿತ್ತು. ಆ ಹೊತ್ತಿಗೆ ಹಿನ್ನೀರಿನ ದಂಡೆಯಲ್ಲಿ ದೋಣಿ ಸಂಘ ಶುರುವಾಗಿದೆ, ನೀರಿನ ಮೇಲೆ ಹೇಗಿರಬೇಕು ಎಂಬುದನ್ನೂ ಕಲಿಸುತ್ತಾರೆ ಎಂದು ತಿಳಿಯಿತು. ಹೋಗಿ ಹೆಸರು ಬರೆಸಿದೆ.

ಸಂಘವೆಂದರೆ ಹತ್ತು ಹನ್ನೆರಡು ಜನ. ಔಷಧಿ ಅಂಗಡಿಯವರೊಬ್ಬರು, ವಕೀಲರೊಬ್ಬರು, ಬಸವನ ಬಾಗೇವಾಡಿಯಿಂದ ಬರುವ ದನದ ಡಾಕ್ಟರೊಬ್ಬರು, ಹೀಗೆ. ಕಲಿಸುವವರು ಸಿಂದಗಿಯ ನಿವೃತ್ತ ಸೈನಿಕರು. ಮೊದಲ ಮೂರು ಭಾನುವಾರ ಯಾರಿಗೂ ಹುಟ್ಟು ಮುಟ್ಟಲು ಬಿಡಲಿಲ್ಲ. ಲೈಫ್ ಜಾಕೆಟ್ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು, ಇಷ್ಟೇ. ಬಕಲ್ ಹಾಕದೆ ನೀರಿನ ಕಡೆ ನಡೆದವರನ್ನು ಶಾಲೆಯ ಹುಡುಗರಂತೆ ದಂಡೆಯಲ್ಲಿ ನಿಲ್ಲಿಸುತ್ತಿದ್ದರು. ವಕೀಲರೂ ಒಂದು ಸಲ ನಿಂತರು. ಸೀರೆಯ ಮೇಲೆ ಜಾಕೆಟ್ ಬಿಗಿದುಕೊಂಡ ನಾನು ಹತ್ತಿ ತುರುಕಿದ ಅಂಡಿಗೆಯಂತೆ ಕಾಣುತ್ತಿದ್ದೆ. ನಮ್ಮೂರ ದೋಣಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ.

ನಾಲ್ಕನೆಯ ಭಾನುವಾರ ತಡೆಯಲಾಗದೆ ಕೇಳಿಯೇಬಿಟ್ಟೆ. "ಸರ್, ಅಂಬಿಗ ಕುಡದಿದ್ರ ದೋಣಿ ಮಗಚತೈತೇನ್ರಿ?"

ಅವರು ಸೀಟಿಯನ್ನು ಕೊರಳಿಗೆ ಹಾಕಿಕೊಂಡರು. "ಕುಡದಾಂವ ದಾರಿ ತಪ್ಪಬಹುದ್ರಿ. ಮಗಚೋದು ಹೆಂಗಂತ ಇವತ್ತ ತೋರಸ್ತೇನಿ, ಬರ್ರಿ" ಎಂದರು.

ಸೊಂಟದಷ್ಟು ನೀರಿನಲ್ಲಿ ದೋಣಿ ನಿಲ್ಲಿಸಿ ಎಂಟು ಜನರನ್ನು ಕೂಡಿಸಿದರು. ನನ್ನನ್ನು ಮಾತ್ರ ನೀರಲ್ಲೇ ನಿಂತು ನೋಡಲು ಹೇಳಿದರು. ದೋಣಿ ಅಲುಗಾಡದೆ ನಿಂತಿತ್ತು. ಅವರು ಸೀಟಿ ಊದಿದ ಕೂಡಲೇ ಎಂಟೂ ಜನ ಎದ್ದು ಎಡಕ್ಕೆ ಸರಿದರು. ಮೂರು ಎಣಿಸುವಷ್ಟರಲ್ಲಿ ದೋಣಿ ಬೋರಲಾಯಿತು. ದನದ ಡಾಕ್ಟರು ಮೂಗಿನಿಂದ ನೀರು ಸುರಿಸುತ್ತ ಎದ್ದರು, ಎಲ್ಲರೂ ನಕ್ಕರು. "ಮಂದಿ ಎದ್ದು ಒಂದ ಕಡೆ ಬಂದ್ರ ಎಂಥಾ ಅಂಬಿಗ ಇದ್ರೂ ಏನೂ ಮಾಡಾಕ ಬರಂಗಿಲ್ಲ" ಎಂದು ಕಲಿಸುವ ಸಾಹೇಬರು ಹೇಳುತ್ತಿದ್ದರು.  ನಾನು ದಂಡೆಗೆ ಬಂದು ಜಾಕೆಟ್ಟಿನ ಬಕಲ್ ಬಿಚ್ಚಿ ಕುಳಿತೆ.

ನಮ್ಮ ಹಳೆಯ ಊರು ಆ ಹಿನ್ನೀರಿನ ಕೆಳಗಿದೆ. ನಾನು ಚಿಕ್ಕವಳಿದ್ದಾಗಲೇ ಮೇಲಿನ ಹೊಸ ಊರಿಗೆ ಬಂದೆವು. ಹನಮಪ್ಪನ ಮೂರ್ತಿಯೂ ನಮ್ಮ ಜೊತೆ ಬಂತು, ಗುಡಿ ಮಾತ್ರ ಅಲ್ಲೇ ಉಳಿಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಶಿಖರದ ತುದಿ ಕಾಣುತ್ತದೆ. ಆ ಜಾಗದ ಹತ್ತಿರ ದೋಣಿ ಬಂದರೆ ನಮ್ಮೂರಿನವರು ಕುಳಿತಿರುವುದಿಲ್ಲ. ಎದ್ದು, ಅತ್ತ ತಿರುಗಿ, ಕೈ ಮುಗಿದು, ಒಂದು ತುಂಡು ಕೊಬ್ಬರಿ ನೀರಿಗೆ ಬಿಡುತ್ತೇವೆ. ಅದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ.

ಅಕ್ಕ ತೀರಿಕೊಂಡ ದಿನ ಶಿಖರವನ್ನು ಮೊದಲು ಕಂಡವಳು ನಾನು. "ಏಳ್ರಿ, ಏಳ್ರಿ, ಹನಮಪ್ಪ ಕಾಣಾಕತ್ತಾನ!" ಎಂದು ಕೂಗಿದೆ. ನಲವತ್ತು ಮಕ್ಕಳನ್ನು ಸುಮ್ಮನಾಗಿಸುವ ದನಿ ನನ್ನದು. ಎಲ್ಲರೂ ಎದ್ದು ಆ ಕಡೆಗೆ ಸರಿದರು. ಅಕ್ಕ ಒಬ್ಬಳೇ ಏಳಲಿಲ್ಲ. "ಮೊಣಕಾಲು ಎಳಿಯಾಕತ್ತಾವ, ನಾ ಕುಂತ ಕೈ ಮುಗೀತೇನಿ" ಎಂದಳು. "ದೇವರ ಮುಂದ ಕುಂತ ಕೈ ಮುಗೀತಾರೇನಕ್ಕಾ?" ಎಂದು ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಹಿಂದಿನಿಂದ ಅಂಬಿಗ, "ಕುಂದರ್ರಿ, ಕುಂದರ್ರಿ!" ಎಂದು ಒದರುತ್ತಿದ್ದ.

ಇದೆಲ್ಲ ನನಗೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಅದು ಮಗುಚುವುದಕ್ಕೆ ಮುಂಚಿನ ಮಾತು, ಮಗುಚಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಬೇರೆ ಇಟ್ಟುಕೊಂಡಿದ್ದೆ. ಅಂಬಿಗನ ತಪ್ಪು ಹುಡುಕಲು ಹೋದವಳಿಗೆ ನನ್ನದೇ ಸಿಕ್ಕಿತು.

ಅಂಬಿಗ ತಾಳಿಕೋಟೆಯ ಬಜಾರದಲ್ಲಿ ಹಮಾಲಿ ಮಾಡುತ್ತಾನೆಂದು ವಿಚಾರಿಸಿ ತಿಳಿದುಕೊಂಡೆ. ಶಾಲೆಗೆ ರಜೆ ಹಾಕಿ ಬಸ್ಸು ಹತ್ತಿದೆ. ತೊಗರಿ ಚೀಲ ಇಳಿಸುತ್ತಿದ್ದವನು ನನ್ನನ್ನು ನೋಡಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಹಳ ಇಳಿದುಹೋಗಿದ್ದ. 

"ಅವತ್ತ ಎಲ್ಲಾರ್ನೂ ಎಬ್ಬಿಸಿದಾಕಿ ನಾನ" ಎಂದೆ.

"ಗೊತ್ತೈತ್ರಿ ಅಕ್ಕಾರ."

"ಗೊತ್ತಿದ್ರ ಯಾಕ ಹೇಳಲಿಲ್ಲ?"

"ಹೆಣದ ಮುಂದ ಕುಂತ ಅಳಾಕತ್ತಿದ್ರಿ. ಹೆಂಗ ಹೇಳ್ಲಿ? ಮುಂದ ಹೇಳಬೇಕಂದ್ರ ಕೇಳವ್ರ ಯಾರಿದ್ರು?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅಳು ಬಂತು. ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ನನಗ ಹೇಳಿ ಏನ ಉಪಯೋಗ್ರಿ? ಗೊತ್ತಿಲ್ದವ್ರಿಗೆ ಹೇಳ್ರಿ" ಎಂದು ಮತ್ತೆ ಲಾರಿಯ ಕಡೆ ಹೋದ.

ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಚಪ್ಪಲಿ ಬಿಟ್ಟವಳು ಅಲ್ಲೇ ಕುಳಿತು ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಕುಂತ ಕೈ ಮುಗೀತೇನಿ ಅಂದಿದ್ಲೇನ ಅಕಿ?" ಎಂದು ಕೇಳಿದಳು.

"ಹೂಂ ಬೇ. ಮೊಣಕಾಲ ಎಳಿತಾವ ಅಂದ್ಲು."

"ನೀ ಎಬ್ಬಿಸಿದಿ?"

"ಎಬ್ಬಿಸಿದ್ನಿ."

ಅವ್ವ ಮೊರದಲ್ಲಿದ್ದ ಜೋಳವನ್ನೆಲ್ಲ ಹಸನು ಮಾಡಿ ಮುಗಿಸಿದಳು. ಆಮೇಲೆ, "ನಾಳೆ ಶನಿವಾರ. ಹೊಸ ಊರಾಗ ಹನಮಪ್ಪನ ಗುಡಿ ಕಟ್ಟಿ ಮ್ಯಾಲ ಎಲ್ಲಾರೂ ಇರ್ತಾರ. ನಡಿ, ನಾನೂ ಬರ್ತೇನಿ" ಎಂದಳು.

ಕಟ್ಟೆಯ ಮುಂದೆ ನಿಂತು ಹೇಳಿದೆ. ಪಾಠ ಹೇಳಿದಷ್ಟು ಸಲೀಸಾಗಿ ಬರಲಿಲ್ಲ. ಆ ದೋಣಿಯಲ್ಲಿದ್ದವರಲ್ಲಿ ಇಬ್ಬರು ಅಲ್ಲಿದ್ದರು, ತಲೆ ತಗ್ಗಿಸಿದರು. ನಾವೂ ಎದ್ದಿದ್ದೆವಲ್ಲ ಎಂದು ಒಬ್ಬರು ಮೆಲ್ಲಗೆ ಅಂದರು. ಕುಡಿದಿದ್ದ ಎಂದು ಮೊದಲು ಅಂದವರು ಯಾರೆಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಅಂಬಿಗನನ್ನು ಕರೆತರಲು ಇಬ್ಬರು ಹಿರಿಯರು ಮರುದಿನವೇ ತಾಳಿಕೋಟೆಗೆ ಹೋದರು. ಹೊಸ ದೋಣಿ ಕೊಡಿಸುತ್ತೇವೆ ಎಂದೂ ಹೇಳಿದರಂತೆ. ಅವನು ಅವರಿಗೆ ಚಹಾ ಕುಡಿಸಿ ಕಳಿಸಿದ. "ಈಗ ನನಗ ನೀರ ಕಂಡ್ರ ಹೆದರಿಕಿ ಬರತೈತ್ರಿ" ಎಂದನಂತೆ.

ವಾಪಸು ಬಂದ ಹಿರಿಯರು ನಮ್ಮ ಮನೆಗೆ ಫೋನ್ ಮಾಡಿ ಹೇಳಿದರು. ಅವ್ವ ಕೇಳಿಸಿಕೊಂಡು ಫೋನನ್ನು ನನ್ನ ಕೈಗೆ ಕೊಟ್ಟು, ಗೋಡೆಗೆ ಒರಗಿ ಅತ್ತಳು. ನಾನು ಹತ್ತಿರ ಹೋಗಿ ಕುಳಿತೆ. ಅವಳು ನನ್ನಿಂದ ಆಚೆ ಸರಿದು ಕುಳಿತಳು.